ಮನಸ್ಸು ಬರೀ ಲೆಕ್ಕಾಚಾರವೇ?

ಮನಸ್ಸನ್ನು ಕಂಪ್ಯೂಟರ್‌ಗೆ ಹೋಲಿಸುವುದು ಎಷ್ಟು ರೂಢಿಯಾಗಿದೆಯೆಂದರೆ, ಅದು ಹೋಲಿಕೆ ಮಾತ್ರ ಎಂಬುದೇ ನಮಗೆ ಮರೆತುಹೋಗಿದೆ. ಈ ಹೋಲಿಕೆಗೆ ಬಲ ತಂದವರಲ್ಲಿ ಹರ್ಬರ್ಟ್ ಸೈಮನ್ ಪ್ರಮುಖರು. ಆಡಳಿತ ಸಂಸ್ಥೆಗಳ ನಿರ್ಣಯ ಪ್ರಕ್ರಿಯೆ ಕುರಿತು 1947ರಲ್ಲಿ ಗ್ರಂಥ ಬರೆದ, 1978ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಅವರು, 1956ರ ವೇಳೆಗೆ ಅಲೆನ್ ನ್ಯೂವೆಲ್ ಮೊದಲಾದವರ ಜತೆಗೂಡಿ ತರ್ಕಶಾಸ್ತ್ರದ ಪ್ರಮೇಯಗಳನ್ನು ಸಾಧಿಸುವ ಪ್ರೋಗ್ರಾಂ ರೂಪಿಸಿದ್ದರು. ಸಂಕೇತಗಳನ್ನು ನಿಯಮಾನುಸಾರ ಸಂಸ್ಕರಿಸುವುದೇ ಚಿಂತನೆ ಎಂಬುದು ಅವರ ನಿಲುವು. ಕಡತ ಬರುತ್ತದೆ, ನಿಯಮ ಅನ್ವಯವಾಗುತ್ತದೆ, ಆದೇಶ ಹೊರಡುತ್ತದೆ. ಸರ್ಕಾರಿ ಸೇವೆಯಲ್ಲಿ ಕಾಲ ಸವೆಸಿದ ನನ್ನಂಥವರಿಗೆ ಈ ಚಿತ್ರ ಬಲು ಪರಿಚಿತ.

ಇದಕ್ಕೆ ಪ್ರತಿಯಾಗಿ 1995ರಲ್ಲಿ ತತ್ವಶಾಸ್ತ್ರಜ್ಞ ಟಿಮ್ ವಾನ್ ಗೆಲ್ಡರ್ ಬೇರೊಂದು ಯಂತ್ರವನ್ನು ಮುಂದಿಟ್ಟರು. ಅದು ಜೇಮ್ಸ್ ವಾಟ್‌ನ ಉಗಿಯಂತ್ರದ ವೇಗ ನಿಯಂತ್ರಕ. ವೇಗ ಹೆಚ್ಚಿದಾಗ ಅದರ ತಿರುಗುವ ಗುಂಡುಗಳು ಮೇಲೇರಿ ಉಗಿಯ ಕವಾಟವನ್ನು ಕಿರಿದಾಗಿಸುತ್ತವೆ. ವೇಗ ತಗ್ಗಿದಾಗ ಕೆಳಗಿಳಿದು ಅದನ್ನು ಹಿಗ್ಗಿಸುತ್ತವೆ. ಅಲ್ಲಿ ದಾಖಲೆಯಿಲ್ಲ, ಲೆಕ್ಕವಿಲ್ಲ. ಇರುವುದು ನಿರಂತರವಾದ ಪರಸ್ಪರ ಪ್ರಭಾವ. ಮನಸ್ಸೂ ಹೀಗೆಯೇ ಮಿದುಳು, ದೇಹ, ಪರಿಸರಗಳು ಒಂದನ್ನೊಂದು ಎಡೆಬಿಡದೆ ತಿದ್ದುವ ಚಲನಶೀಲ ವ್ಯವಸ್ಥೆಯಾಗಿರಬಹುದು ಎಂಬುದು ಅವರ ವಾದ.

ಇದು ಬರಿಯ ಪಂಡಿತರ ಜಗಳವಲ್ಲ. ಸುಮಾರು ಹತ್ತು ತಿಂಗಳ ಕೂಸಿನ ಎದುರು ಆಟಿಕೆಯನ್ನು ಒಂದೇ ಕಡೆ ಹಲವು ಬಾರಿ ಬಚ್ಚಿಟ್ಟು, ಆಮೇಲೆ ಅದರ ಕಣ್ಣೆದುರೇ ಮತ್ತೊಂದು ಕಡೆ ಬಚ್ಚಿಟ್ಟರೂ ಅದು ಹಳೆಯ ಜಾಗಕ್ಕೇ ಕೈ ಚಾಚುತ್ತದೆ. ವಸ್ತುವಿನ ಪರಿಕಲ್ಪನೆ ಇನ್ನೂ ಬಲಿತಿಲ್ಲವೆಂದು ಜೀನ್ ಪಿಯಾಜೆ ಇದನ್ನು ವಿವರಿಸಿದ್ದರು. ಆದರೆ ಎಸ್ತರ್ ಥೆಲೆನ್, ಲಿಂಡಾ ಸ್ಮಿತ್ ಮತ್ತು ಸಂಗಡಿಗರ ಪ್ರಯೋಗಗಳಲ್ಲಿ, ಕುಳಿತಿದ್ದ ಕೂಸನ್ನು ಎತ್ತಿ ನಿಲ್ಲಿಸಿದಾಗ ಆ ತಪ್ಪು ಕಡಿಮೆಯಾಯಿತು. ತಪ್ಪಿನ ಮೂಲ ತಿಳಿವಳಿಕೆಯ ಕೊರತೆಯೊಂದೇ ಆಗಿದ್ದರೆ, ಭಂಗಿ ಬದಲಾದ ಮಾತ್ರಕ್ಕೆ ಅದು ತಗ್ಗುತ್ತಿತ್ತೇ?

ಲೆಕ್ಕಾಚಾರದ ಮಾದರಿಯನ್ನು ತಳ್ಳಿಹಾಕಬೇಕಿಲ್ಲ. 1997ರಲ್ಲಿ ಚದುರಂಗದಲ್ಲಿ ಕ್ಯಾಸ್ಪರೋವ್ ಅವರನ್ನು ಮಣಿಸಿದ ಡೀಪ್ ಬ್ಲೂ ಹಾಗೂ ಇಂದಿನ ಭಾಷಾ ಮಾದರಿಗಳು ಅದರ ಶಕ್ತಿಗೆ ಸಾಕ್ಷಿ. ಗಣಿತ, ವ್ಯಾಕರಣಗಳಂಥ ನಿಯಮಬದ್ಧ ಕ್ಷೇತ್ರಗಳಲ್ಲಿ ಅದು ಮನಸ್ಸಿನ ಕೆಲಸವನ್ನು ಚೆನ್ನಾಗಿಯೇ ವಿವರಿಸುತ್ತದೆ. ಆದರೆ ಭಾಗವನ್ನೇ ಪೂರ್ಣವೆಂದು ತಿಳಿಯುವುದು ಅಪಾಯಕರ. ಮನಸ್ಸನ್ನು ಉಗ್ರಾಣವೆಂದು ನಂಬುವ ನೀತಿ, ಪಾಠ ತುಂಬಿ ಉತ್ತರ ಹೊರತೆಗೆಯುವುದನ್ನೇ ಶಿಕ್ಷಣ ಎನ್ನುತ್ತದೆ. ಆಟದ ಬಯಲು, ಹೊಟ್ಟೆಯ ಹಸಿವು, ತರಗತಿಯ ಭಯ ಅದರ ಲೆಕ್ಕಕ್ಕೆ ಬರುವುದಿಲ್ಲ. ತಪ್ಪು ಉತ್ತರ ಬರೆದ ಮಗುವಿನ ಮುಂದೆ ‘ತಿಳಿದಿಲ್ಲ’ ಎಂದು ಷರಾ ಬರೆಯುವ ಮುನ್ನ, ಆ ಮಗುವನ್ನು ನಾವು ಎಲ್ಲಿ, ಹೇಗೆ ಕೂರಿಸಿದ್ದೇವೆ ಎಂಬುದನ್ನೂ ವಿಚಾರಿಸಬೇಕು.