ಹುಮನಾಬಾದಿನ ಪಡಸಾಲೆ

2021ರ ಏಪ್ರಿಲ್ 17, ಶನಿವಾರ. ಬಸವಕಲ್ಯಾಣ ವಿಧಾನಸಭಾ ಕ್ಷೇತ್ರದ ಉಪಚುನಾವಣೆ. ಮೇಷ್ಟ್ರುಗಳಿಗೆ ಎಲೆಕ್ಷನ್ ಡ್ಯೂಟಿ ಹೊಸದಲ್ಲ. ಮತಯಂತ್ರ ಒಪ್ಪಿಸಿ, ಕಾಗದಪತ್ರಗಳಿಗೆಲ್ಲ ಸಹಿ ಹಾಕಿ ಹೊರಬಿದ್ದಾಗ ಮಧ್ಯರಾತ್ರಿ ಸಮೀಪಿಸಿತ್ತು. ಕೊರೊನಾದ ಎರಡನೇ ಅಲೆ ಏರುತ್ತಿದ್ದ ದಿನಗಳವು. ಸಾಲದ್ದಕ್ಕೆ 7ನೇ ತಾರೀಖಿನಿಂದ ಸಾರಿಗೆ ನೌಕರರ ಮುಷ್ಕರ. ಜೊತೆಯವರೆಲ್ಲ ಊರು ಸೇರುವ ದಾರಿ ಹುಡುಕುತ್ತಿದ್ದರೆ ನನ್ನ ಚಿಂತೆ ಬೇರೆಯಾಗಿತ್ತು. ಬೆಳಗಾದರೆ ಅಮ್ಮ ತೀರಿಕೊಂಡು ಒಂದು ವರ್ಷ.

ಹಿಂದಿನ ಏಪ್ರಿಲಿನಲ್ಲಿ ಲಾಕ್‌ಡೌನ್. ಅಮ್ಮ ದಕ್ಷಿಣ ಕನ್ನಡದಲ್ಲಿ, ನಾನು ಈ ಬೀದರ ಜಿಲ್ಲೆಯಲ್ಲಿ. ಹಿಡಿ ಮಣ್ಣು ಹಾಕಲೂ ಆಗಲಿಲ್ಲ. ಮೊಬೈಲಿನ ಪರದೆಯಲ್ಲಿ ನೋಡಿದ್ದಷ್ಟೆ. ವರ್ಷದ ಪೂಜೆಗಾದರೂ ಊರಲ್ಲಿರಬೇಕೆಂದಿದ್ದೆ. ಅದೂ ತಪ್ಪಿತು. ಎಲ್ಲಿಗೆ ಹೋದರೂ ಮೊದಲು ಇಗರ್ಜಿ ಎಲ್ಲಿದೆ ಎಂದು ಕೇಳಿಕೊಳ್ಳಬೇಕು ಎಂದು ಕಲಿಸಿದವಳು ಆಕೆ.

ಬೆಳಿಗ್ಗೆ ಒಂದು ಕ್ರೂಸರ್ ಸಿಕ್ಕಿತು. ಹದಿನಾಲ್ಕು ಜನರ ನಡುವೆ ಮುದುಡಿ ಕುಳಿತು ಹುಮನಾಬಾದ್ ತಲುಪಿದೆ. (ದೈಹಿಕ ಅಂತರದ ಪಾಠವನ್ನು ಮಕ್ಕಳಿಗೆ ಹೇಳಿದವನೂ ನಾನೇ!) ಚರ್ಚ್ ಎಲ್ಲಿ ಎಂದರೆ ಆಟೋದವನು ಸೀದಾ ಮೆಥೊಡಿಸ್ಟ್ ಚರ್ಚಿಗೆ ಒಯ್ದ. ತಪ್ಪು ಅವನದಲ್ಲ, ಈ ಸೀಮೆಯಲ್ಲಿ ಕ್ರೈಸ್ತರೆಂದರೆ ಹೆಚ್ಚಿನವರು ಮೆಥೊಡಿಸ್ಟರೇ. ಕಥೋಲಿಕರು ಬೆರಳೆಣಿಕೆಯಷ್ಟು, ಕಲಬುರಗಿಗೆ ಪ್ರತ್ಯೇಕ ಧರ್ಮಪ್ರಾಂತ್ಯವಾದದ್ದೇ 2005ರಲ್ಲಿ. ಬಾಗಿಲಲ್ಲಿದ್ದ ಹಿರಿಯರೊಬ್ಬರು ನನ್ನ ಮುಖ ನೋಡಿ, "ನಿಮ್ಮವರು ಇವತ್ತು ಒಬ್ಬರ ಮನ್ಯಾಗ ಕೂಡ್ತಾರ್ರಿ ಸರ" ಎಂದು ಫೋನು ಮಾಡಿ, ಹುಡುಗನೊಬ್ಬನನ್ನು ಜೊತೆಗೆ ಕಳಿಸಿದರು.

ಪಡಸಾಲೆಯಲ್ಲಿ ಜಮಖಾನೆ, ಮೇಜಿನ ಮೇಲೆ ಬಿಳಿ ಬಟ್ಟೆ, ಎರಡು ಮೇಣದಬತ್ತಿ. ಹನ್ನೆರಡೋ ಹದಿಮೂರೋ ಜನ, ಎಲ್ಲರಿಗೂ ಮಾಸ್ಕ್. ಬೇರೆ ಊರಿಂದ ಬೈಕಿನಲ್ಲಿ ಬಂದಿದ್ದ ಫಾದರ್ ಪೂಜೆ ಆರಂಭಿಸಿದರು. ಮುಖಗಳೆಲ್ಲ ಅಪರಿಚಿತ. ಆದರೆ ಯಾವಾಗ ಏಳಬೇಕು, ಏನು ಉತ್ತರಿಸಬೇಕು ಎಂದು ಯಾರನ್ನೂ ಕೇಳಬೇಕಿರಲಿಲ್ಲ. ಅಮ್ಮನ ಬಾಲ್ಯದಲ್ಲಿ ಇದೇ ಪೂಜೆ ಲತೀನಿನಲ್ಲಿ ನಡೆಯುತ್ತಿತ್ತು. 1962ರಿಂದ 65ರವರೆಗೆ ನಡೆದ ಎರಡನೇ ವ್ಯಾಟಿಕನ್ ಮಹಾಸಭೆಯ ನಂತರ ಜನರ ಭಾಷೆಗೆ ಬಂತು. ಭಾಷೆ ಬದಲಾದರೂ ಕ್ರಮ ಒಂದೇ. ವಾಚನಗಳಿಗೂ ಮೂರು ವರ್ಷಗಳ ಒಂದು ಚಕ್ರವಿದೆ. ಹಾಗಾಗಿ ನಮ್ಮೂರಿನ ಇಗರ್ಜಿಯಲ್ಲಿ ನನ್ನ ತಮ್ಮ ಅಂದು ಕೇಳುವುದೂ ಇದೇ ವಾಚನ ಎಂಬುದು ನನಗೆ ಗೊತ್ತಿತ್ತು.

ಅದು ಪಾಸ್ಖ ಕಾಲದ ಮೂರನೇ ಭಾನುವಾರ. ಲೂಕನ ಶುಭಸಂದೇಶದ 24ನೇ ಅಧ್ಯಾಯ. ಎಮ್ಮಾವಿನ ದಾರಿಯಲ್ಲಿ ಜೊತೆ ನಡೆದವನು ಯಾರೆಂದು ಇಬ್ಬರು ಶಿಷ್ಯರಿಗೆ ತಿಳಿದದ್ದು ಆತ ರೊಟ್ಟಿ ಮುರಿದಾಗ. ಅವರು ಅದನ್ನು ಹೇಳುತ್ತಿರುವಾಗಲೇ ಪುನರುತ್ಥಾನಗೊಂಡ ಯೇಸು ಅಲ್ಲಿ ನಿಂತು, ತಿನ್ನಲು ಏನಾದರೂ ಇದೆಯೇ ಎಂದು ಕೇಳುತ್ತಾನೆ. ಕೊಟ್ಟದ್ದು ಸುಟ್ಟ ಮೀನು. ಕರಾವಳಿಯ ಅಮ್ಮನಿಗೆ ಬಲು ಇಷ್ಟವಾದ ಭಾಗವಿದು.

ಪೂಜೆಗೆ ಮೊದಲು ಫಾದರ್ ಕೈಗೆ ಅಮ್ಮನ ಹೆಸರು ಬರೆದ ಚೀಟಿ ಕೊಟ್ಟಿದ್ದೆ. ವಿಶ್ವಾಸಿಗಳ ಪ್ರಾರ್ಥನೆಯಲ್ಲಿ ಅವರು ಅದನ್ನು ಓದಿದರು. ಆಕೆಯನ್ನು ಕಂಡರಿಯದ ಹನ್ನೆರಡು ಜನ ಒಟ್ಟಿಗೆ ಉತ್ತರಿಸಿದರು. ನನ್ನ ದನಿ ಮಾತ್ರ ಹೊರಡಲಿಲ್ಲ. ಇಡೀ ವರ್ಷ ಕಟ್ಟಿಟ್ಟಿದ್ದ ಅಳು ಮಾಸ್ಕಿನೊಳಗೆ ಇಳಿಯಿತು. ಪಕ್ಕದಲ್ಲಿದ್ದ ಮುದುಕಿ, ಅಂತರದ ನಿಯಮ ಮರೆತು, ನನ್ನ ಬೆನ್ನ ಮೇಲೆ ಕೈಯಿಟ್ಟಳು.

ಮುಗಿದ ಮೇಲೆ ಆ ಮನೆಯಾಕೆ ಬಿಡಲಿಲ್ಲ. "ಅವ್ವನ ದಿನ ಅಂತೀರಿ, ಉಣ್ಣದ ಹ್ಯಾಂಗ ಹೋಗ್ತೀರಿ ಅಣ್ಣಾ?" ಜೋಳದ ರೊಟ್ಟಿ, ಝುಣಕ, ಪುಂಡಿಪಲ್ಯ. ದಾಸೋಹಕ್ಕೆ ಹೆಸರಾದ ಕಲ್ಯಾಣದ ನೆರೆಯವರಲ್ಲವೆ! ಅವರ ಹೆಸರನ್ನು ನಾನು ಕೇಳಿಕೊಂಡದ್ದು ಊಟವಾದ ಮೇಲೆ.

21ರ ರಾತ್ರಿಯಿಂದ ರಾಜ್ಯದ ಪ್ರಾರ್ಥನಾ ಸ್ಥಳಗಳೆಲ್ಲ ಭಕ್ತರಿಗೆ ಮುಚ್ಚಿದವು. ಅಷ್ಟು ಹೊತ್ತಿಗೆ ನಾನು ಮನೆ ಸೇರಿದ್ದೆ. ಆಕೆ ಹಳೆಯ ಪೇಪರಿನಲ್ಲಿ ಕಟ್ಟಿಕೊಟ್ಟಿದ್ದ ಕಟಕ ರೊಟ್ಟಿ ಇನ್ನೂ ನಾಲ್ಕು ಉಳಿದಿದ್ದವು.