ಮಗು ಸಸ್ಪೆನ್ಸ್ ಅಕೌಂಟ್ ಅಲ್ಲ

ಕಳೆದ ಬೇಸಿಗೆ ರಜೆಯಲ್ಲಿ ಖಾಲಾ ಮನೆಗೆ ಹೋಗಿದ್ದೆ. ಅದು ನಮ್ಮ ಜಿಲ್ಲೆಯಲ್ಲ, ಊರಿನ ಹೆಸರು ಬೇಡ. ಪಕ್ಕದ ಮನೆಯ ನಾನಿಮಾ ಒಂದು ಕಾಗದ ಹಿಡಿದು ಬಂದು, "ಬೇಟಾ, ನಿನಗೆ ಕನ್ನಡ ಓದೋಕೆ ಬರುತ್ತಲ್ಲ, ಇದರಲ್ಲಿ ಏನಿದೆ ನೋಡು" ಎಂದರು.

ನಡೆದದ್ದು ಇಷ್ಟು. ನಾನಿಮಾ ಊರಲ್ಲಿ ಇಲ್ಲದ ಒಂದು ರಾತ್ರಿ ಅವರ ಮಗಳಿಗೆ ಪ್ರಜ್ಞೆ ತಪ್ಪಿತು. ಅಕ್ಕಪಕ್ಕದವರು ಆಸ್ಪತ್ರೆಗೆ ಸೇರಿಸಿದರು. ಆಕೆಗೆ ಗಂಡ ಇಲ್ಲ. ಮನೆಯಲ್ಲಿ ಉಳಿದದ್ದು ಎರಡು ಸಣ್ಣ ಮಕ್ಕಳು ಮಾತ್ರ. ಯಾರೋ 1098ಕ್ಕೆ ಫೋನ್ ಮಾಡಿದರು. ಅದೇ ರಾತ್ರಿ ಮಕ್ಕಳನ್ನು ಕರೆದುಕೊಂಡು ಹೋಗಿ ಒಂದು ಮಕ್ಕಳ ಮನೆಯಲ್ಲಿ ಇಟ್ಟರು. ಇಲ್ಲಿಯವರೆಗೆ ನನಗೆ ಯಾವ ತಪ್ಪೂ ಕಾಣುವುದಿಲ್ಲ. ಆ ರಾತ್ರಿ ಮಕ್ಕಳು ಒಂಟಿಯಾಗಿ ಇರಬಾರದಿತ್ತು.

ತಾಯಿ ಇಪ್ಪತ್ತು ದಿನಕ್ಕೆ ಗುಣವಾಗಿ ಮನೆಗೆ ಬಂದರು. ಮಕ್ಕಳು ಬರಲಿಲ್ಲ. ಅವರೇ ಕಳಿಸಿಕೊಡುತ್ತಾರೆ ಎಂದು ಇವರು ಕಾಯುತ್ತಿದ್ದರು. ಮನೆಯವರು ಯಾರೂ ಬರಲಿಲ್ಲವಲ್ಲ ಎಂದು ಅವರು ಕಾಯುತ್ತಿದ್ದರು. ನಾನಿಮಾ ತಂದ ಕಾಗದ ವಿಚಾರಣೆಗೆ ಬರಬೇಕೆಂಬ ನೋಟಿಸು. ನಾನು ಓದುವಾಗ ಆ ತಾರೀಕು ಕಳೆದು ಏಳು ವಾರ ಆಗಿತ್ತು. ಅಲ್ಲೇ ಕೂತು ಅರ್ಜಿ ಬರೆದುಕೊಟ್ಟೆ. ಮಕ್ಕಳು ಮನೆ ಸೇರುವಾಗ ಒಟ್ಟು ಐದು ತಿಂಗಳು. ಚಿಕ್ಕವನು ಮೊದಲ ಎರಡು ದಿನ ತಾಯಿಯ ಹತ್ತಿರ ಬರಲೇ ಇಲ್ಲವಂತೆ.

ನಾವು ಕಾಮರ್ಸ್‌ನವರು ಪ್ರಥಮ ಪಿಯುಸಿಯಲ್ಲೇ ಸಸ್ಪೆನ್ಸ್ ಅಕೌಂಟ್ ಕಲಿತಿದ್ದೇವೆ. ಟ್ರಯಲ್ ಬ್ಯಾಲೆನ್ಸ್ ತಾಳೆ ಆಗದಿದ್ದರೆ ವ್ಯತ್ಯಾಸವನ್ನು ತಾತ್ಕಾಲಿಕವಾಗಿ ಅಲ್ಲಿಗೆ ಹಾಕುತ್ತೇವೆ. ತಪ್ಪು ಸಿಕ್ಕ ಕೂಡಲೇ ಆ ಖಾತೆ ಮುಚ್ಚಬೇಕು. ಹಾಗೇ ಬಿಟ್ಟರೆ ಅಂಕ ಹೋಗುತ್ತದೆ. ತುರ್ತಾಗಿ ಮಕ್ಕಳ ಮನೆಗೆ ಹೋದ ಮಗುವಿನ ಲೆಕ್ಕವನ್ನೂ ಯಾರಾದರೂ ಹೀಗೆ ಮತ್ತೆ ತೆಗೆದು ನೋಡಬೇಕಲ್ಲವೇ?

ಕಾನೂನು ನೋಡಿದರೆ ನೋಡಲೇಬೇಕು. 2015ರ ಬಾಲನ್ಯಾಯ ಕಾಯ್ದೆಯ ಪ್ರಕಾರ ಇಂಥ ಮಗುವನ್ನು ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು. 15 ದಿನದಲ್ಲಿ ಮನೆಯ ಸ್ಥಿತಿಗತಿಯ ಸಾಮಾಜಿಕ ತನಿಖೆ ಮುಗಿಯಬೇಕು. ನಾಲ್ಕು ತಿಂಗಳೊಳಗೆ ಅಂತಿಮ ಆದೇಶ ಆಗಬೇಕು. ಬಾಕಿ ಉಳಿದ ಪ್ರಕರಣಗಳ ವರದಿಯನ್ನು ಸಮಿತಿ ಮೂರು ತಿಂಗಳಿಗೊಮ್ಮೆ ಜಿಲ್ಲಾಧಿಕಾರಿಗೆ ಕೊಡಬೇಕು. ಸಂಸ್ಥೆಯಲ್ಲಿ ಇಡುವುದು ಕೊನೆಯ ದಾರಿ ಎಂಬುದು ಈ ಕಾಯ್ದೆಯ ಮೂಲತತ್ವಗಳಲ್ಲೇ ಇದೆ.

ಆದರೂ ನನಗೆ ಒಂದು ಕೊರತೆ ಕಾಣುತ್ತದೆ. ದೊಡ್ಡವರಿಗೆ ನಾಲ್ಕು ತಿಂಗಳು ಸಣ್ಣ ಅವಧಿ. ಆರು ವರ್ಷದ ಮಗುವಿಗೆ ಅದು ಸಣ್ಣದಲ್ಲ. ತನಿಖಾ ವರದಿ ಬಂದ ದಿನವೇ ಸಮಿತಿ ಒಂದು ಪ್ರಶ್ನೆ ಕೇಳಿ ಉತ್ತರವನ್ನು ಬರೆದಿಡಬೇಕು: ಮೊದಲ ರಾತ್ರಿ ಇದ್ದ ಕಾರಣ ಇವತ್ತೂ ಇದೆಯೇ? ಇದ್ದರೆ ಮಗು ಅಲ್ಲೇ ಇರಲಿ. ಇಲ್ಲದಿದ್ದರೆ ಮನೆಗೆ, ಇಲ್ಲವೇ ಅಜ್ಜಿ, ಚಿಕ್ಕಪ್ಪ, ಸೋದರಮಾವನ ಮನೆಗೆ ಹೋಗಲಿ. ಅಂತಿಮ ಆದೇಶ ಆಗುವವರೆಗೂ ತಿಂಗಳಿಗೊಮ್ಮೆ ಇದೇ ಪ್ರಶ್ನೆ ಕೇಳಲಿ. ಮಗುವನ್ನೂ ಕೇಳಲಿ.

ಇದು ಅತಿಯಾಯಿತು ಎನ್ನುವವರು 2020ನೇ ಇಸವಿ ನೆನಪಿಸಿಕೊಳ್ಳಲಿ. ಕೊರೊನಾ ಬಂದಾಗ ಸುಪ್ರೀಂ ಕೋರ್ಟ್ ಏಪ್ರಿಲ್ 3ರಂದು ಒಂದು ಆದೇಶ ಮಾಡಿತು. ಮಕ್ಕಳನ್ನು ಸಂಸ್ಥೆಗಳಲ್ಲೇ ಇಡಬೇಕೇ ಎಂದು ಸಮಿತಿಗಳು ಯೋಚಿಸಬೇಕು ಎಂದಿತು. ಕೊರೊನಾ ಶುರುವಾದಾಗ ದೇಶದ ಮಕ್ಕಳ ಸಂಸ್ಥೆಗಳಲ್ಲಿ 2,27,518 ಮಕ್ಕಳಿದ್ದರು. ಡಿಸೆಂಬರ್ ಹೊತ್ತಿಗೆ ಅವರಲ್ಲಿ 1,45,788 ಮಕ್ಕಳು ಮನೆಯವರ ಇಲ್ಲವೇ ಪೋಷಕರ ಬಳಿ ಸೇರಿದ್ದರು ಎಂದು ಕೋರ್ಟಿನ ಮುಂದೆ ಲೆಕ್ಕ ಬಂತು. ನೂರಕ್ಕೆ 64. ಇಷ್ಟು ಮಕ್ಕಳನ್ನು ಕರೆದುಕೊಳ್ಳಲು ಒಂದು ಮನೆ ಇತ್ತು ಎಂದಾಯಿತು. ಅದನ್ನು ಹುಡುಕಲು ಮಹಾಮಾರಿಯೇ ಬರಬೇಕಿತ್ತೇ?

ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ ಕರ್ನಾಟಕವೂ ಸೇರಿ ಎಂಟು ರಾಜ್ಯಗಳಿಗೆ ಪತ್ರ ಬರೆದು, ಸಾಧ್ಯವಾದರೆ 100 ದಿನದೊಳಗೆ ಮಕ್ಕಳನ್ನು ಮನೆಗೆ ಸೇರಿಸಿ ಎಂದಿತು. ಇದು ನನಗೆ ಒಪ್ಪಿಗೆಯಿಲ್ಲ. ಹೊಡೆತ ತಿಂದು ಮನೆಬಿಟ್ಟು ಓಡಿದ ಮಗುವೂ ಆ ಸಾಲಿನಲ್ಲಿ ಇರುತ್ತದೆ. ಎಲ್ಲರಿಗೂ ಒಂದೇ ಗಡುವು ಹಾಕಿ ಕಳಿಸುವುದು ಪರಿಶೀಲನೆ ಅಲ್ಲ. ಒಂದೊಂದು ಮಗುವಿನ ಫೈಲನ್ನೂ ಬೇರೆ ಬೇರೆಯಾಗಿ ತೆರೆದು ನೋಡಬೇಕು.

ಈಗ ನಮ್ಮ ಕೊಪ್ಪ, ಶೃಂಗೇರಿ, ಎನ್.ಆರ್.ಪುರ ತಾಲ್ಲೂಕುಗಳ ಮಾತು. ನಮ್ಮ ಜಿಲ್ಲೆಯ ಸಮಿತಿ ಕೂರುವುದು ಚಿಕ್ಕಮಗಳೂರಿನಲ್ಲಿ. ತೋಟದ ಲೈನ್ ಮನೆಯಲ್ಲಿರುವ ತಾಯಿ ಬಾಳೆಹೊನ್ನೂರು, ಆಲ್ದೂರು ದಾಟಿ ಅಲ್ಲಿಗೆ ಹೋಗಿ ಬರಬೇಕೆಂದರೆ ಒಂದು ದಿನದ ಕೂಲಿ ಹೋಯಿತು, ಬಸ್ ಚಾರ್ಜ್ ಬೇರೆ. ಮಳೆಗಾಲದಲ್ಲಿ ರಸ್ತೆಯದ್ದೇ ನಂಬಿಕೆ ಇಲ್ಲ. ಅಡಿಕೆ, ಕಾಫಿ ತೋಟಗಳಿಗೆ ಅಸ್ಸಾಂ ಕಡೆಯಿಂದ ಬಂದ ಎಷ್ಟೋ ಮಂದಿಗೆ ಕನ್ನಡವೇ ಬರುವುದಿಲ್ಲ. ಅವರು ಬರಲಿಲ್ಲ ಎಂದರೆ ಮಗು ಬೇಡ ಎಂದು ಅರ್ಥವಲ್ಲ. ತಿಂಗಳಿಗೆ ಒಂದು ದಿನ ಸಮಿತಿ ಕೊಪ್ಪದಲ್ಲಿ ಕೂತು ಮೂರೂ ತಾಲ್ಲೂಕಿನ ಮಕ್ಕಳ ವಿಷಯ ನೋಡಲಿ. ನೋಟಿಸು ಕೊಡುವವರು ಅದನ್ನು ಮನೆಯವರ ಭಾಷೆಯಲ್ಲಿ ಓದಿ ಹೇಳಲಿ. ಈ ಎರಡು ಕೆಲಸಕ್ಕೆ ಹೆಚ್ಚು ಖರ್ಚಿಲ್ಲ.

ನಮ್ಮ ಸಮಾಜಕ್ಕೂ ಒಂದು ಮಾತು. ರಮಝಾನ್‌ನಲ್ಲಿ ಯತೀಮ್‌ಖಾನಾದವರು ರಸೀದಿ ಪುಸ್ತಕ ತಂದರೆ ನಾವು ಧಾರಾಳವಾಗಿ ಕೊಡುತ್ತೇವೆ. ಕೊಡಬೇಕು. ಆದರೆ ಯತೀಮರಾಗಿದ್ದ ಪ್ರವಾದಿ ಮುಹಮ್ಮದ್ (ಸ) ಅವರು ಬೆಳೆದದ್ದು ಅಜ್ಜ ಅಬ್ದುಲ್ ಮುತ್ತಲಿಬರ ಮನೆಯಲ್ಲಿ, ಆಮೇಲೆ ದೊಡ್ಡಪ್ಪ ಅಬೂತಾಲಿಬರ ಮನೆಯಲ್ಲಿ. ಮಕ್ಕಳನ್ನು ಇಟ್ಟುಕೊಳ್ಳಲು ಸಿದ್ಧವಿರುವ ಒಬ್ಬ ಬಡ ಅಜ್ಜಿಯ ಮನೆ ಬಾಡಿಗೆಗೆ, ರೇಷನ್‌ಗೆ ನಮ್ಮ ಝಕಾತ್ ಹೋದರೆ ಎಷ್ಟೋ ಮಕ್ಕಳು ಮನೆ ಬಿಡುವುದೇ ಬೇಡ. ಸರ್ಕಾರವೂ ಮಿಷನ್ ವಾತ್ಸಲ್ಯದ ಪ್ರಾಯೋಜಕತ್ವ ಯೋಜನೆಯಲ್ಲಿ ಅರ್ಹ ಮಗುವಿಗೆ ತಿಂಗಳಿಗೆ 4,000 ರೂಪಾಯಿ ಕೊಡುತ್ತದೆ. ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ವಿಚಾರಿಸಬೇಕು. ಜುಮಾ ದಿನ ಮಸೀದಿಯಲ್ಲಿ ಇದನ್ನು ಹೇಳಿದರೆ ಒಂದೇ ದಿನದಲ್ಲಿ ಎಲ್ಲರಿಗೂ ಗೊತ್ತಾಗುತ್ತದೆ.

ಸ್ನೇಹಿತರೇ, ನಾವು ವಕೀಲರಲ್ಲ, ಅಧಿಕಾರಿಗಳಲ್ಲ. ಆದರೆ ನಮ್ಮಲ್ಲಿ ಬಹಳ ಮಂದಿ ಮನೆಯಲ್ಲಿ ಕನ್ನಡ ಸರಾಗವಾಗಿ ಓದುವ ಮೊದಲಿಗರು. ಸಮಿತಿಗೆ ಅರ್ಜಿ ಬರೆಯಬಹುದು, ತನಿಖೆ ಮುಗಿದಿದೆಯೇ ಎಂದು ಕೇಳಬಹುದು. ಸಮಿತಿಯ ಕೆಲಸದ ಬಗ್ಗೆ ದೂರಿದ್ದರೆ ಜಿಲ್ಲಾಧಿಕಾರಿಗೆ ಕೊಡಬಹುದು. ನಿಮ್ಮ ಮೊಹಲ್ಲಾದಲ್ಲಿ ಯಾರಾದರೂ ಇಂಥ ಕಾಗದ ಹಿಡಿದು ಬಂದರೆ ಆಮೇಲೆ ನೋಡುತ್ತೇನೆ ಎನ್ನಬೇಡಿ. ಮೊದಲು ಅದರಲ್ಲಿರುವ ತಾರೀಕು ಓದಿ ಹೇಳಿ.