ಅಧ್ಯಕ್ಷನೋ, ಅಧ್ಯಕ್ಷನನ್ನೋ?

'ಹಿ ಮೆಟ್ ಎ ಡಾಕ್ಟರ್', 'ಹಿ ಬಿಕೇಮ್ ಎ ಡಾಕ್ಟರ್'. ಎರಡರಲ್ಲೂ ಕ್ರಿಯಾಪದದ ಬೆನ್ನಿಗೆ ಬರುವುದು ಅದೇ ಡಾಕ್ಟರ್. ಆದರೂ ಮೊದಲನೆಯದು ಆಬ್ಜೆಕ್ಟ್, ಎರಡನೆಯದು ಕಾಂಪ್ಲಿಮೆಂಟ್. ಕನ್ನಡ ಶಾಲೆಗಳಲ್ಲಿ ಇದಕ್ಕೆ 'ಪೂರಕ' ಎಂದು ಬೋರ್ಡಿನ ಮೇಲೆ ಬರೆದು ಮುಂದಿನ ಪಾಠಕ್ಕೆ ಹೋಗುವುದೇ ಹೆಚ್ಚು. ಪೂರಕ ಸರಿ, ಯಾವುದಕ್ಕೆ ಪೂರಕ? ಮಕ್ಕಳು ಬಾಯಿಪಾಠ ಮಾಡಿ, ಪರೀಕ್ಷೆ ಮುಗಿಸಿ, ಮರೆಯುತ್ತಾರೆ.

ಇದನ್ನು ಬಿಡಿಸುವ ಕೀಲಿ ಕಾಶಿಯ ಪಾಠಶಾಲೆಗಳಲ್ಲಿ ಎಂದಿನಿಂದಲೋ ಇದೆ. 17ನೇ ಶತಮಾನದಲ್ಲಿ ಭಟ್ಟೋಜಿ ದೀಕ್ಷಿತರು ಪಾಣಿನಿಯ ಸೂತ್ರಗಳನ್ನು ವಿಷಯವಾರು ಜೋಡಿಸಿ 'ಸಿದ್ಧಾಂತಕೌಮುದಿ' ರಚಿಸಿದರು. ಶಿಷ್ಯ ವರದರಾಜರು ಎಳೆಯರಿಗೆಂದು ಅದನ್ನು 'ಲಘುಕೌಮುದಿ'ಯಾಗಿ ಇಳಿಸಿದರು. 1791ರಲ್ಲಿ ಶುರುವಾದ ಅಲ್ಲಿನ ಸಂಸ್ಕೃತ ಕಾಲೇಜಿನ ಪ್ರಿನ್ಸಿಪಾಲ್ ಜೇಮ್ಸ್ ಬ್ಯಾಲಂಟೈನ್ 1849ರಲ್ಲಿ ಆ ಪುಸ್ತಕವನ್ನು ಇಂಗ್ಲಿಷಿಗೆ ತಂದರು. ಪಾಣಿನಿಯನ್ನು ಇಂಗ್ಲಿಷಿನಲ್ಲಿ ಓದುವ ದಾರಿ ಹೀಗೆ ತೆರೆಯಿತು. ಇಂಗ್ಲಿಷನ್ನು ಪಾಣಿನಿಯ ಕಣ್ಣಿನಿಂದ ನೋಡುವ ದಾರಿ ನಮ್ಮ ತರಗತಿಗಳವರೆಗೆ ಬರಲೇ ಇಲ್ಲ.

ಆ ಪರಂಪರೆಯ ಮಾತು 'ಸಾಮಾನಾಧಿಕರಣ್ಯ': ಎರಡು ಪದಗಳು ಒಂದೇ ವಸ್ತುವನ್ನು ತೋರಿಸಿದರೆ ಎರಡಕ್ಕೂ ಒಂದೇ ವಿಭಕ್ತಿ. 'ರಾಮಃ ವೈದ್ಯಃ' ಎಂದರೆ ಎರಡೂ ಪ್ರಥಮಾ. ಕ್ರಿಯಾಪದ ಇಲ್ಲವಲ್ಲ ಎಂದರೆ, ಇಲ್ಲದ ಕಡೆ 'ಅಸ್ತಿ' ಇದೆಯೆಂದೇ ತಿಳಿಯಿರಿ ಎಂದು ಕಾತ್ಯಾಯನರು ಎಂದೋ ಹೇಳಿದ್ದಾರೆ. ಕನ್ನಡದ 'ರಾಮ ವೈದ್ಯ' ಕೂಡ ಹಾಗೆಯೇ. ಇಂಗ್ಲಿಷಿನಲ್ಲಿ ಮಾತ್ರ ಆ 'ಈಸ್' ಬಾಯಿಬಿಟ್ಟು ಹೇಳಲೇಬೇಕು.

ಇನ್ನು ಆಬ್ಜೆಕ್ಟ್ ಕಾಂಪ್ಲಿಮೆಂಟ್. ಇದಕ್ಕೆ ಕಾಶಿಗೂ ಹೋಗಬೇಕಿಲ್ಲ. 'ಅವನು ಅಧ್ಯಕ್ಷನಾಗಿ ಆಯ್ಕೆಯಾದ', 'ಅವನನ್ನು ಅಧ್ಯಕ್ಷನನ್ನಾಗಿ ಆರಿಸಿದರು'. ಆ 'ನನ್ನಾಗಿ'ಯೊಳಗಿನ 'ಅನ್ನು' ಕರ್ಮದ ಬಾಲವನ್ನೇ ಹಿಡಿದು ನಿಂತಿದೆ. ಇಂಗ್ಲಿಷ್ ನಾಮಪದಗಳು ವಿಭಕ್ತಿ ಕಳೆದುಕೊಂಡು ಪದಗಳ ಸಾಲನ್ನೇ ನಂಬಿಕೊಂಡಿವೆ. ಅದಕ್ಕೇ 'ಹಿ ಕಾಲ್ಡ್ ಹರ್ ಎ ಡಾಕ್ಟರ್' ಎಂದರೆ ಅವಳಿಗೆ ಡಾಕ್ಟರನ್ನು ಕರೆಸಿದನೋ, ಅವಳನ್ನೇ ಡಾಕ್ಟರ್ ಎಂದನೋ, ಸಂದರ್ಭವೇ ಹೇಳಬೇಕು. ಕನ್ನಡದಲ್ಲಿ 'ಅವಳಿಗೆ', 'ಅವಳನ್ನು' ಎಂಬಲ್ಲೇ ಜಗಳ ಹರಿಯುತ್ತದೆ. (ಇತ್ತೀಚೆಗೆ 'ಅವನನ್ನು ಅಧ್ಯಕ್ಷನಾಗಿ ಆರಿಸಿದರು' ಎಂದು ಬರೆಯುವವರೇ ಹೆಚ್ಚು. ಕೈಯಲ್ಲಿದ್ದ ಹತಾರವನ್ನು ಹೀಗೆ ಕಳೆದುಕೊಳ್ಳುವುದು ನಷ್ಟವೇ.)

ಗುಣವಾಚಕ ಬಂದಾಗ ಈ ಉಪಾಯ ಅಷ್ಟು ಸಲೀಸಲ್ಲ. 'ಮನೆಯನ್ನು ಚೊಕ್ಕಟವಾಗಿ ಇಟ್ಟಳು', 'ಚೆನ್ನಾಗಿ ಹಾಡಿದಳು' ಎರಡರಲ್ಲೂ 'ಆಗಿ' ಇದೆ. ಮೊದಲನೆಯದು ಮನೆಯ ಗುಣ, ಎರಡನೆಯದು ಹಾಡಿದ ರೀತಿ. ಮೇಷ್ಟ್ರು ನಿಜಕ್ಕೂ ಬೆವರು ಸುರಿಸಬೇಕಾದ್ದು ಇಲ್ಲಿ. ಆದರೆ 'ಚೊಕ್ಕಟವಾಗಿದ್ದದ್ದು ಯಾವುದು?' ಎಂದು ಕೇಳಿದರೆ ಐದನೇ ತರಗತಿಯ ಮಗುವೂ 'ಮನೆ' ಎನ್ನುತ್ತದೆ.